ಯಾವ ಸಾಲ್ವರ್ ತಗೊಳ್ಳೋದು? ಪಶು ಆಹಾರದ ಲೆಕ್ಕ ಹಿಡಿದು ಒಂದು ಮಾರ್ಗದರ್ಶಿ

ಪಶು ಆಹಾರ ತಯಾರಿಸುವ ಒಂದು ಘಟಕವನ್ನು ಕಣ್ಣ ಮುಂದೆ ತಂದುಕೊಳ್ಳಿ. ಗೋದಾಮಿನಲ್ಲಿ ಮೆಕ್ಕೆಜೋಳ, ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಗೋಧಿ ಬೂಸಾ, ಅಕ್ಕಿ ತೌಡು, ಕಾಕಂಬಿ, ಖನಿಜ ಮಿಶ್ರಣ, ಉಪ್ಪು ಇವೆ. ನಿನ್ನೆ ಇದ್ದ ದರ ಇವತ್ತಿಲ್ಲ. ನಿನ್ನೆ ಬಂದ ಜೋಳದ ತೇವಾಂಶವೇ ಬೇರೆ, ಇವತ್ತಿನದೇ ಬೇರೆ. ಪ್ರೋಟೀನ್ ಇಂತಿಷ್ಟಕ್ಕಿಂತ ಇಳಿಯಬಾರದು, ನಾರು ಇಂತಿಷ್ಟಕ್ಕಿಂತ ಏರಬಾರದು. ಹಾಗಿದ್ದೂ ಕೆಜಿಗೆ ಬೀಳುವ ಖರ್ಚು ಆದಷ್ಟು ಕಡಿಮೆ ಇರಬೇಕು. ಯಾವುದನ್ನು ಎಷ್ಟು ಹಾಕಬೇಕು ಎಂಬ ಈ ಪ್ರಶ್ನೆಯೇ ಆಪ್ಟಿಮೈಸೇಷನ್ ಲೆಕ್ಕ. ಅದನ್ನು ಬಿಡಿಸುವ ತಂತ್ರಾಂಶವೇ ಸಾಲ್ವರ್.

ಇಂಥ ಲೆಕ್ಕಗಳ ಕೆಲಸಕ್ಕೆ ಕೈಹಾಕಿದವರು ನನಗೆ ಕೇಳುವ ಮೊದಲ ಪ್ರಶ್ನೆ, ಯಾವ ಸಾಲ್ವರ್ ತಗೊಳ್ಳೋದು ಅಂತ. ಪ್ರಶ್ನೆ ಸರಿಯಾದದ್ದೇ, ಆದರೆ ಅದು ಬರಬೇಕಾದ್ದು ಕೊನೆಯಲ್ಲಿ. ಕೆಲಸ ಶುರುಮಾಡಿದ ಹೊಸದರಲ್ಲಿ ನಾನೂ ಅದನ್ನೇ ಮೊದಲು ಕೇಳಿಕೊಂಡಿದ್ದೆ. ಒಂದು ತಿಂಗಳು ಸಾಲ್ವರ್‌ಗಳ ವೇಗದ ಪಟ್ಟಿಗಳನ್ನು ಓದಿದೆ. ಕೊನೆಗೆ ಲೆಕ್ಕ ಬರೆದು ನೋಡಿದಾಗ ಅದರಲ್ಲಿದ್ದದ್ದು ಹದಿನಾಲ್ಕು ಪದಾರ್ಥ, ಇಪ್ಪತ್ತು ಷರತ್ತು. ಯಾವ ಸಾಲ್ವರ್‌ಗೆ ಕೊಟ್ಟರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಆ ತಿಂಗಳನ್ನು ಗೋದಾಮಿನಲ್ಲಿ ಕಳೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಈ ಲೇಖನದಲ್ಲಿ ಹೆಜ್ಜೆಗಳನ್ನು ಈ ಕ್ರಮದಲ್ಲಿ ಇಟ್ಟಿರುವುದಕ್ಕೆ ಅದೇ ಕಾರಣ.

ಹೆಜ್ಜೆ 1: ಕಂಪ್ಯೂಟರ್ ತೆರೆಯುವ ಮುಂಚೆ ಕಾಗದ ತೆಗೆಯಿರಿ

ಮೂರು ಪಟ್ಟಿ ಮಾಡಿ. ನಾವು ನಿರ್ಧರಿಸಬೇಕಾದ್ದು ಏನು (ಪ್ರತಿ ಪದಾರ್ಥ ಎಷ್ಟು ಕೆಜಿ). ಮೀರಬಾರದ ಷರತ್ತುಗಳು ಯಾವುವು. ಕಡಿಮೆ ಅಥವಾ ಹೆಚ್ಚು ಆಗಬೇಕಾದ್ದು ಯಾವುದು. ಮೂರನೆಯದನ್ನು ಗುರಿ ಎನ್ನೋಣ.

ಎರಡನೆಯ ಪಟ್ಟಿ ಕಚೇರಿಯಲ್ಲಿ ಕೂತರೆ ಪೂರ್ತಿಯಾಗುವುದಿಲ್ಲ. ಮಿಕ್ಸರ್ ನೋಡಿಕೊಳ್ಳುವವರ ಹತ್ತಿರ ಹೋಗಿ. ‘ಕಾಕಂಬಿ ಜಾಸ್ತಿ ಆದ್ರೆ ಮಷಿನ್‌ಗೆ ಅಂಟ್ಕೊಳ್ಳುತ್ತೆ ಸರ್’ ಎನ್ನುತ್ತಾರೆ. ಮಳೆಗಾಲದಲ್ಲಿ ಶೇಂಗಾ ಹಿಂಡಿಯನ್ನು ನಂಬಬೇಡಿ, ಬೂಷ್ಟು ಹಿಡಿದಿರುತ್ತದೆ ಎನ್ನುತ್ತಾರೆ. ಅದು ಬರೀ ಅನುಭವದ ಮಾತಲ್ಲ. ಆ ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ವಿಷ ಹಸುವಿನ ಹೊಟ್ಟೆಯಿಂದ ಹಾಲಿಗೂ ಇಳಿಯುತ್ತದೆ. ಹತ್ತಿಕಾಳು ಹಿಂಡಿಯಲ್ಲಿರುವ ಗಾಸಿಪಾಲ್ ಕರುಗಳಿಗೆ ಆಗಿಬರುವುದಿಲ್ಲ. ಇವೆಲ್ಲ ಷರತ್ತುಗಳೇ. ಇವು ಬಿಟ್ಟುಹೋದ ಲೆಕ್ಕವನ್ನು ಜಗತ್ತಿನ ಅತಿ ದುಬಾರಿ ಸಾಲ್ವರ್‌ಗೆ ಕೊಟ್ಟರೂ ಬರುವುದು ಯಾರೂ ಬಳಸಲಾಗದ ಉತ್ತರ.

ಆಮೇಲೆ ಇದೇ ಲೆಕ್ಕದ ಪುಟ್ಟ ರೂಪವೊಂದನ್ನು ಕೈಯಲ್ಲೇ ಬಿಡಿಸಿ ಇಟ್ಟುಕೊಳ್ಳಿ. ಉದಾಹರಣೆಗೆ ಎರಡೇ ಪದಾರ್ಥ: 9% ಪ್ರೋಟೀನ್ ಇರುವ ಮೆಕ್ಕೆಜೋಳ ಕೆಜಿಗೆ 24 ರೂಪಾಯಿ, 42% ಪ್ರೋಟೀನ್ ಇರುವ ಶೇಂಗಾ ಹಿಂಡಿ ಕೆಜಿಗೆ 45 ರೂಪಾಯಿ ಅಂದುಕೊಳ್ಳಿ. ಮಿಶ್ರಣದಲ್ಲಿ 20% ಪ್ರೋಟೀನ್ ಬೇಕು. ಹಿಂಡಿಯ ಪಾಲು 11 ಭಾಗಿಸು 33, ಅಂದರೆ ಮೂರರಲ್ಲಿ ಒಂದು. ಖರ್ಚು ಕೆಜಿಗೆ 31 ರೂಪಾಯಿ. ಮುಂದೆ ಯಾವ ಸಾಲ್ವರ್ ಹಾಕಿಕೊಂಡರೂ ಮೊದಲು ಇದನ್ನು ಕೊಟ್ಟು ನೋಡಿ. 31 ಬರದಿದ್ದರೆ ತಪ್ಪು ನಿಮ್ಮ ಕೋಡಿನಲ್ಲಿದೆ. ದೊಡ್ಡ ಲೆಕ್ಕದಲ್ಲಿ ಆ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಈ ಶಾಸ್ತ್ರದ ಮೊದಲ ದೊಡ್ಡ ಪರೀಕ್ಷೆ ನಡೆದದ್ದೇ ಇಂಥ ಊಟದ ಲೆಕ್ಕದ ಮೇಲೆ. 1945ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 77 ಆಹಾರ ಪದಾರ್ಥ, 9 ಪೋಷಕಾಂಶ ಇಟ್ಟುಕೊಂಡು ಒಬ್ಬ ಮನುಷ್ಯನಿಗೆ ವರ್ಷಕ್ಕೆ ಅತಿ ಅಗ್ಗದ ಊಟ ಯಾವುದೆಂದು ಹುಡುಕಿದರು. ಅಂದಾಜಿನ ದಾರಿಯಲ್ಲಿ ಅವರಿಗೆ ಸಿಕ್ಕಿದ್ದು 39.93 ಡಾಲರ್. 1947ರಲ್ಲಿ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ಇಂಥ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದಾಗ ಅದನ್ನು ಪರೀಕ್ಷಿಸಲು ಇದೇ ಲೆಕ್ಕವನ್ನು ತೆಗೆದುಕೊಳ್ಳಲಾಯಿತು. ಒಂಬತ್ತು ಗುಮಾಸ್ತರು ಮೇಜಿನ ಕ್ಯಾಲ್ಕುಲೇಟರ್ ಹಿಡಿದು ಕೂತರು. ಸುಮಾರು 120 ಆಳು-ದಿನದ ದುಡಿಮೆ ಬೇಕಾಯಿತು. ಸಿಕ್ಕ ಉತ್ತರ 39.69 ಡಾಲರ್. ಸ್ಟಿಗ್ಲರ್ ಅವರ ಅಂದಾಜು ತಪ್ಪಿದ್ದು 24 ಸೆಂಟ್ ಮಾತ್ರ. ಅವತ್ತಿನ ಆ 120 ಆಳು-ದಿನದ ಲೆಕ್ಕವನ್ನು ಇವತ್ತು ಲ್ಯಾಪ್‌ಟಾಪ್ ಒಂದು ಸೆಕೆಂಡಿಗಿಂತ ಬೇಗ ಮುಗಿಸುತ್ತದೆ.

ಹೆಜ್ಜೆ 2: ನಿಮ್ಮ ಲೆಕ್ಕ ಯಾವ ಬಗೆಯದು ಎಂದು ಗುರುತಿಸಿ

ಸಾಲ್ವರ್ ಆಯ್ಕೆಯ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಎಲ್ಲ ಷರತ್ತುಗಳೂ ‘ಇಷ್ಟು ಪಟ್ಟು ಇದು, ಕೂಡಿಸು ಇಷ್ಟು ಪಟ್ಟು ಅದು’ ಎಂಬ ರೂಪದಲ್ಲಿದ್ದು, ಪ್ರಮಾಣಗಳು ದಶಮಾಂಶದಲ್ಲೂ ಇರಬಹುದಾದರೆ ಅದು ರೇಖೀಯ ಲೆಕ್ಕ, ಎಲ್‌ಪಿ. ಮೇಲಿನ ಮಿಶ್ರಣ ಇದೇ ಬಗೆ. ಎಲ್‌ಪಿಗೆ ಸಾವಿರಾರು ಪದಾರ್ಥ, ಸಾವಿರಾರು ಷರತ್ತು ಭಾರವೇ ಅಲ್ಲ. ಲಕ್ಷಗಟ್ಟಲೆ ಆದಾಗ ಸಿಂಪ್ಲೆಕ್ಸ್ ಜೊತೆಗೆ ಇಂಟೀರಿಯರ್ ಪಾಯಿಂಟ್ ಎಂಬ ಇನ್ನೊಂದು ವಿಧಾನವನ್ನೂ ಓಡಿಸಿ ನೋಡಿ. ಐಐಟಿ ಬಾಂಬೆಯಲ್ಲಿ ಓದಿದ ನರೇಂದ್ರ ಕರ್ಮಾರ್ಕರ್ 1984ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಪ್ರಕಟಿಸಿದ ಕೆಲಸದಿಂದ ಈ ದಾರಿ ತೆರೆದುಕೊಂಡಿತು. ಈಗ ಹೆಸರಿರುವ ಬಹುಪಾಲು ಎಲ್‌ಪಿ ಸಾಲ್ವರ್‌ಗಳಲ್ಲಿ ಈ ಎರಡೂ ಇರುತ್ತವೆ.

ಈಗ ಮಿಕ್ಸರ್‌ನವರು ಇನ್ನೊಂದು ಮಾತು ಸೇರಿಸುತ್ತಾರೆ: ‘ತೌಡು ಹಾಕೋದಾದ್ರೆ ಕನಿಷ್ಠ 200 ಕೆಜಿ ಹಾಕ್ಬೇಕು, ಇಲ್ದಿದ್ರೆ ಹಾಕ್ಲೇಬಾರ್ದು.’ ಹಾಕುವುದೋ ಬಿಡುವುದೋ ಎಂಬ ಹೌದು-ಇಲ್ಲ ನಿರ್ಧಾರ ಬಂದ ಕ್ಷಣ ಲೆಕ್ಕದ ಸ್ವಭಾವವೇ ಬದಲಾಯಿತು. ಇದು ಪೂರ್ಣಾಂಕ ಬೆರೆತ ಲೆಕ್ಕ, ಎಂಐಪಿ. ಯಾವ ಲಾರಿ ಯಾವ ಹಳ್ಳಿಯ ಸೊಸೈಟಿಗೆ, ಯಾವ ಗೋದಾಮು ತೆರೆಯಬೇಕು, ಎಷ್ಟು ಚೀಲ, ಎಲ್ಲ ಇದೇ ಗುಂಪು. ಇಂಥ 50 ಹೌದು-ಇಲ್ಲಗಳಿದ್ದರೆ ಕಣ್ಣುಮುಚ್ಚಿ ಎಲ್ಲವನ್ನೂ ಎಣಿಸಲು ಹತ್ತು ಕೋಟಿ ಕೋಟಿಗೂ ಹೆಚ್ಚು ಜೋಡಣೆಗಳು. ಸಾಲ್ವರ್ ಹಾಗೆ ಎಣಿಸುವುದಿಲ್ಲ. ಕೊಂಬೆ ಕೊಂಬೆಯಾಗಿ ಒಡೆದು, ಒಳ್ಳೆಯ ಉತ್ತರ ಸಿಗಲು ಸಾಧ್ಯವಿಲ್ಲದ ಕೊಂಬೆಗಳನ್ನು ಕಡಿದುಹಾಕುತ್ತಾ ಹೋಗುತ್ತದೆ. ಸಾಲ್ವರ್ ಸಾಲ್ವರ್‌ಗಳ ನಡುವೆ ಅಂತರ ಹೆಚ್ಚಾಗಿ ಕಾಣುವುದು ಇಲ್ಲೇ.

ಕೆಲಸಗಾರರ ಪಾಳಿ ಪಟ್ಟಿ, ಯಂತ್ರಗಳ ಸರದಿ, ಪರೀಕ್ಷಾ ವೇಳಾಪಟ್ಟಿ ಇಂಥವುಗಳಲ್ಲಿ ಎಲ್ಲವೂ ಪೂರ್ಣಾಂಕ, ಎಲ್ಲವೂ ‘ಇದಾದರೆ ಅದಾಗಬಾರದು’ ಎಂಬ ತರ್ಕ. ಅದಕ್ಕೆ ಎಂಐಪಿಗಿಂತ ಗೂಗಲ್‌ನವರ ಒಆರ್-ಟೂಲ್ಸ್ ಎಂಬ ತಂತ್ರಾಂಶ ಸಂಗ್ರಹದೊಳಗಿರುವ ಸಿಪಿ-ಸ್ಯಾಟ್ ಎಂಬ ಸಾಲ್ವರ್ ಅನ್ನು ಮೊದಲು ನೋಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉಚಿತ, ಮತ್ತು ಈ ಬಗೆಯಲ್ಲಿ ಬಹಳ ಗಟ್ಟಿಗ. ಅದಕ್ಕೆ ದಶಮಾಂಶ ಗೊತ್ತಿಲ್ಲ ಎಂಬುದು ಮಾತ್ರ ನೆನಪಿರಲಿ. 12.75 ರೂಪಾಯಿಯನ್ನು 1275 ಪೈಸೆ ಮಾಡಿ ಕೊಡಬೇಕು.

ಎರಡು ಗೊತ್ತಿಲ್ಲದ ಪ್ರಮಾಣಗಳು ಒಂದಕ್ಕೊಂದು ಗುಣಾಕಾರವಾದರೆ ಲೆಕ್ಕ ಇನ್ನೊಂದು ಮಟ್ಟಕ್ಕೆ ಏರುತ್ತದೆ. ನಮ್ಮ ಘಟಕ ಮೊದಲು ಒಂದು ಮೂಲ ಮಿಶ್ರಣ ಮಾಡಿಟ್ಟು, ಅದನ್ನೇ ಹಾಲು ಕರೆಯುವ ಹಸುವಿನ ಆಹಾರಕ್ಕೂ ಕರುವಿನ ಆಹಾರಕ್ಕೂ ಬೇರೆ ಬೇರೆ ಅಳತೆಯಲ್ಲಿ ಸೇರಿಸುತ್ತದೆ ಅನ್ನಿ. ಮೂಲ ಮಿಶ್ರಣದ ಪ್ರೋಟೀನ್ ಎಷ್ಟೆಂಬುದೂ ಗೊತ್ತಿಲ್ಲ, ಎಷ್ಟು ಸೇರಿಸಬೇಕೆಂಬುದೂ ಗೊತ್ತಿಲ್ಲ. ಎರಡರ ಗುಣಲಬ್ಧ ಷರತ್ತಿನಲ್ಲಿ ಬಂತು. ಐಪಾಪ್ಟ್‌ನಂಥ ಉಚಿತ ಸಾಲ್ವರ್ ಉತ್ತರವನ್ನೇನೋ ಕೊಡುತ್ತದೆ, ಆದರೆ ಅದು ಸುತ್ತಮುತ್ತಲಿನದರಲ್ಲಿ ಒಳ್ಳೆಯದು ಅಷ್ಟೇ. ಆಚೆ ಗುಡ್ಡದ ಹಿಂದೆ ಇನ್ನೂ ಆಳದ ಕಣಿವೆ ಇರಬಹುದು. ಇಡೀ ಪ್ರದೇಶಕ್ಕೆ ಇದೇ ಉತ್ತಮ ಎಂಬ ಖಾತರಿ ಬೇಕಾದರೆ ಸ್ಕಿಪ್, ಬ್ಯಾರನ್, ಅಥವಾ ಗುರೋಬಿಯ 9.0 ಮತ್ತು ಅದರ ನಂತರದ ಆವೃತ್ತಿಗಳ ಕಡೆ ಹೋಗಬೇಕು. ಹೂಡಿಕೆಯ ಅಪಾಯದಂಥ, ಬಟ್ಟಲಿನ ಹಾಗೆ ಒಂದೇ ತಳವಿರುವ ಲೆಕ್ಕಗಳಿಗೆ ಡೆನ್ಮಾರ್ಕ್‌ನ ಮೊಸೆಕ್ ಹೆಸರುವಾಸಿ.

ಬರೀ ಲಾರಿ ಮಾರ್ಗದ ಲೆಕ್ಕವಾದರೆ ಮೇಲಿನ ಯಾವುದೂ ಬೇಡ. ಒಆರ್-ಟೂಲ್ಸ್‌ನ ಮಾರ್ಗದ ವಿಭಾಗ, ಪೈವಿಆರ್‌ಪಿ ಇಂಥವು ಅದಕ್ಕೆಂದೇ ಇವೆ. ಅತ್ಯುತ್ತಮ ಎಂಬ ಪುರಾವೆ ಅವು ಕೊಡುವುದಿಲ್ಲ, ಒಳ್ಳೆಯ ಮಾರ್ಗವನ್ನು ಬೇಗ ಕೊಡುತ್ತವೆ.

ಹೆಜ್ಜೆ 3: ಲೆಕ್ಕ ಬರೆಯುವ ಪದರವನ್ನು ಸಾಲ್ವರ್‌ನಿಂದ ಬೇರೆ ಇಡಿ

ಲೆಕ್ಕವನ್ನು ಬರೆದು ಸಾಲ್ವರ್‌ಗೆ ದಾಟಿಸುವುದಕ್ಕೇ ಬೇರೆ ಉಪಕರಣಗಳಿವೆ: ಪೈಥಾನ್ ಭಾಷೆ ಬಲ್ಲವರಿಗೆ ಪಲ್ಪ್ ಅಥವಾ ಪಯೋಮೊ, ಜೂಲಿಯಾ ಬಲ್ಲವರಿಗೆ ಜಂಪ್, ಹಣ ಕೊಟ್ಟು ಕೊಳ್ಳುವವರಿಗೆ ಆಂಪಲ್ ಅಥವಾ ಗ್ಯಾಮ್ಸ್. ಇವುಗಳಲ್ಲಿ ಲೆಕ್ಕವನ್ನು ಒಮ್ಮೆ ಬರೆದರೆ ಅದರ ಹಿಂದೆ ಕೆಲಸ ಮಾಡುವ ಸಾಲ್ವರ್‌ನ ಹೆಸರನ್ನು ಒಂದು ಸಾಲಿನಲ್ಲಿ ಬದಲಿಸಬಹುದು. ಯಾವುದೋ ಒಂದು ಕಂಪನಿಯ ಸಾಲ್ವರ್‌ನ ಸ್ವಂತ ಭಾಷೆಯಲ್ಲೇ ಎಲ್ಲ ಬರೆದುಬಿಟ್ಟರೆ ಮುಂದೆ ಲೈಸೆನ್ಸ್ ನವೀಕರಣದ ದಿನ ಚೌಕಾಶಿಗೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಇದಕ್ಕೂ ಒಂದು ಬೆಲೆ ಇದೆ. ಪಯೋಮೊದಲ್ಲಿ ಲಕ್ಷಾಂತರ ಷರತ್ತು ಕಟ್ಟುವುದಕ್ಕೇ ನಿಮಿಷಗಟ್ಟಲೆ ಹಿಡಿಯಬಹುದು. ಲೆಕ್ಕದ ನಡುವೆ ಸಾಲ್ವರ್ ಜೊತೆ ಮಾತಾಡುವ ಸೂಕ್ಷ್ಮ ಸೌಲಭ್ಯಗಳು ಈ ಪದರದ ಮೂಲಕ ಪೂರ್ತಿ ಸಿಗುವುದಿಲ್ಲ. ಅವು ಬೇಕೇಬೇಕು ಎಂದು ಗೊತ್ತಾದ ಮೇಲೆ ಪದರ ದಾಟಿ ಹೋಗಿ, ಮೊದಲೇ ಅಲ್ಲ.

ಕೋಡ್ ಬರೆಯುವವರೇ ಇಲ್ಲದ ಸಣ್ಣ ಘಟಕವಾದರೆ ಎಕ್ಸೆಲ್‌ನಲ್ಲೇ ಇರುವ ಸಾಲ್ವರ್ ಸಾಕು. ಅದಕ್ಕೆ 200 ನಿರ್ಧಾರಗಳ ಮಿತಿ ಇದೆ. ಮಿಶ್ರಣದ ಲೆಕ್ಕಕ್ಕೆ ಅದು ಧಾರಾಳ. ಮಿತಿ ಮೀರಿದರೆ ನ್ಯೂಜಿಲೆಂಡಿನ ಆಕ್ಲಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಓಪನ್‌ಸಾಲ್ವರ್ ಎಂಬ ಉಚಿತ ಸೇರ್ಪಡೆ ಅದೇ ಹಾಳೆಯಲ್ಲಿ ದೊಡ್ಡ ಲೆಕ್ಕ ಬಿಡಿಸುತ್ತದೆ. ಮಾಲೀಕರು ತಾವೇ ದರ ತಿದ್ದಿ ಗುಂಡಿ ಒತ್ತಬಹುದಾದ ಹಾಳೆ, ಯಾರಿಗೂ ಅರ್ಥವಾಗದ ಪೈಥಾನ್ ಕೋಡಿಗಿಂತ ಹೆಚ್ಚು ದಿನ ಬಾಳಿದ್ದನ್ನು ನೋಡಿದ್ದೇನೆ.

ಹೆಜ್ಜೆ 4: ಉಚಿತವಾದದ್ದರಿಂದ ಶುರುಮಾಡಿ

ಹತ್ತು ವರ್ಷದ ಹಿಂದಾಗಿದ್ದರೆ ಇದನ್ನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ. ಈಗ ಹೇಳಬಹುದು.

ಎಲ್‌ಪಿ ಮತ್ತು ಎಂಐಪಿಗೆ ನನ್ನ ಮೊದಲ ಆಯ್ಕೆ ಹೈಸ್ (HiGHS). ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು, ಎಂಐಟಿ ಲೈಸೆನ್ಸ್ ಇರುವುದರಿಂದ ನಿಮ್ಮ ಉತ್ಪನ್ನದೊಳಗೆ ಸೇರಿಸಿ ಮಾರಿದರೂ ತೊಡಕಿಲ್ಲ. ಪೈಥಾನ್‌ನ ಸೈಪೈ ಎಂಬ ಗಣಿತದ ಕೋಡ್ ಸಂಗ್ರಹ ಬಳಸುತ್ತಿದ್ದರೆ ಅದು ಆಗಲೇ ನಿಮ್ಮ ಕಂಪ್ಯೂಟರ್‌ನಲ್ಲಿದೆ. ಅಲ್ಲಿನ ರೇಖೀಯ ಲೆಕ್ಕದ ಆಜ್ಞೆ ಒಳಗೆ ಕರೆಯುವುದು ಹೈಸ್ ಅನ್ನೇ.

ಸ್ಕಿಪ್ ಬರ್ಲಿನ್‌ನ ತ್ಸೂಸ ಸಂಸ್ಥೆಯದು. ಮೊದಲು ಸಂಶೋಧನೆಗೆ ಮಾತ್ರ ಉಚಿತವಿತ್ತು. 2022ರ ಕೊನೆಯಲ್ಲಿ ಅಪಾಚೆ ಲೈಸೆನ್ಸ್‌ಗೆ ಬಂದು ವ್ಯಾಪಾರಕ್ಕೂ ಮುಕ್ತವಾಯಿತು. ಗುಣಾಕಾರದ ಷರತ್ತುಗಳೂ ಇರುವ ಲೆಕ್ಕಕ್ಕೆ ಇದು ದೊಡ್ಡ ಆಸರೆ. ಹಳೆಯ ಲೇಖನಗಳಲ್ಲಿ ಸ್ಕಿಪ್ ಅನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ ಎಂದು ಇನ್ನೂ ಓದುತ್ತೀರಿ. ಆ ಮಾತು ಹಳೆಯದಾಯಿತು.

ಸಿಬಿಸಿ ಬಹಳ ಕಾಲದಿಂದ ದುಡಿದದ್ದು, ಪಲ್ಪ್ ಹಾಕಿಕೊಂಡರೆ ಜೊತೆಗೇ ಬರುತ್ತಿತ್ತು ಎಂದು ಅನೇಕರಿಗೆ ಪರಿಚಯ. ಜಿಎಲ್‌ಪಿಕೆ ಕಲಿಯುವವರಿಗೆ ಒಳ್ಳೆಯದು. ಗಟ್ಟಿ ಎಂಐಪಿಗಳಲ್ಲಿ ಹಿಂದೆ ಬೀಳುತ್ತದೆ, ಜೊತೆಗೆ ಅದರ ಜಿಪಿಎಲ್ ಲೈಸೆನ್ಸ್ ನಿಮ್ಮ ತಂತ್ರಾಂಶವನ್ನು ಬೇರೆಯವರಿಗೆ ಹಂಚುವಾಗ ನಿಮ್ಮ ಕೋಡನ್ನೂ ತೆರೆದಿಡಬೇಕಾದ ಹೊಣೆ ತರಬಹುದು. ಗ್ರಾಹಕರಿಗೆ ಉತ್ಪನ್ನ ಕೊಡುವವರು ಇದನ್ನು ವಕೀಲರ ಹತ್ತಿರ ಕೇಳಿಕೊಳ್ಳಲೇಬೇಕು.

ಹಣ ಕೊಟ್ಟು ಕೊಳ್ಳುವ ಸಾಲ್ವರ್‌ಗಳಲ್ಲಿ ಮುಂಚೂಣಿಯವು ಗುರೋಬಿ, ಐಬಿಎಂನ ಸಿಪ್ಲೆಕ್ಸ್, ಫೈಕೊದ ಎಕ್ಸ್‌ಪ್ರೆಸ್. ಇವುಗಳನ್ನೂ ಸಣ್ಣ ಲೆಕ್ಕಕ್ಕೆ ಪುಕ್ಕಟೆಯಾಗಿ ಓಡಿಸಿ ನೋಡಬಹುದು. ಪೈಥಾನ್‌ನಲ್ಲಿ ಗುರೋಬಿಯನ್ನು ಹಾಗೇ ಹಾಕಿಕೊಂಡರೆ 2000 ನಿರ್ಧಾರ, 2000 ಷರತ್ತಿನ ತನಕ ಬಿಡುತ್ತದೆ. ಸಿಪ್ಲೆಕ್ಸ್‌ನ ಉಚಿತ ಆವೃತ್ತಿ 1000ಕ್ಕೆ 1000. ನಮ್ಮ ಮಿಶ್ರಣದ ಲೆಕ್ಕ ಅದರೊಳಗೆ ಆರಾಮಾಗಿ ಕೂರುತ್ತದೆ, ಲಾರಿಗಳ ಲೆಕ್ಕ ಕೂರುವುದಿಲ್ಲ.

ಹೆಜ್ಜೆ 5: ನಿಮ್ಮದೇ ಫೈಲುಗಳ ಮೇಲೆ ಓಡಿಸಿ ನೋಡಿ

ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಹಾನ್ಸ್ ಮಿಟೆಲ್‌ಮಾನ್ ವರ್ಷಗಳಿಂದ ಸಾಲ್ವರ್‌ಗಳ ವೇಗ ಹೋಲಿಸಿ ಪ್ರಕಟಿಸುತ್ತಾ ಬಂದಿದ್ದಾರೆ. ಅದಕ್ಕೆ ಬಳಸುವ ಲೆಕ್ಕಗಳ ಭಂಡಾರ ಎಂಐಪಿಲಿಬ್ 2017, ಅದರ ಮುಖ್ಯ ಪರೀಕ್ಷಾ ಗುಂಪಿನಲ್ಲಿ 240 ಲೆಕ್ಕಗಳಿವೆ. ಓದಿ, ದಿಕ್ಕು ತಿಳಿಯುತ್ತದೆ: ಗಟ್ಟಿ ಎಂಐಪಿಗಳಲ್ಲಿ ಹಣ ಕೊಟ್ಟು ಕೊಳ್ಳುವ ಸಾಲ್ವರ್‌ಗಳು ಉಚಿತದವಕ್ಕಿಂತ ಹಲವು ಪಟ್ಟು ವೇಗ. ಕೆಲವು ಕಂಪನಿಗಳು ತಮ್ಮ ಫಲಿತಾಂಶ ಹಾಕಬೇಡಿ ಎಂದು ಹಿಂದೆ ಸರಿದಿವೆ. ಹಾಗಾಗಿ ಒಂದು ಹೆಸರು ಪಟ್ಟಿಯಲ್ಲಿಲ್ಲ ಎಂದರೆ ಅದು ಸೋತಿದೆ ಎಂದಲ್ಲ.

ಆದರೆ ಆ 240ರಲ್ಲಿ ನಿಮ್ಮ ಹಿಂಡಿ-ಬೂಸಾ ಇಲ್ಲ. ಒಂದು ಬಗೆಯ ಲೆಕ್ಕದಲ್ಲಿ ಹತ್ತು ಪಟ್ಟು ವೇಗವಾದದ್ದು ಇನ್ನೊಂದರಲ್ಲಿ ಹಿಂದೆ ಬೀಳುವುದು ತೀರಾ ಸಾಮಾನ್ಯ. ಆದ್ದರಿಂದ ನಿಮ್ಮ ಹಳೆಯ ದಿನಗಳ ನಿಜವಾದ ಅಂಕಿಗಳಿಂದ ಹದಿನೈದು-ಇಪ್ಪತ್ತು ಲೆಕ್ಕಗಳನ್ನು ಎತ್ತಿಕೊಳ್ಳಿ. ಸಾಮಾನ್ಯ ದಿನದವು, ಹಬ್ಬದ ಹಿಂದಿನ ದಿನದವು, ತಿಂಗಳ ಕೊನೆಯವು, ಮಾಲು ಬಾರದೆ ಗೋದಾಮು ಖಾಲಿಯಾದ ದಿನದವು. ಮುಂದಿನ ವರ್ಷ ವ್ಯವಹಾರ ಎರಡು ಪಟ್ಟಾದರೆ ಹೇಗಿರುತ್ತದೆ ಎಂದು ಊಹಿಸಿದ ಎರಡು ದೊಡ್ಡ ಲೆಕ್ಕವೂ ಇರಲಿ. ಎಲ್ಲವನ್ನೂ ಎಂಪಿಎಸ್ ಎಂಬ ಫೈಲ್ ರೂಪದಲ್ಲಿ ಉಳಿಸಿ. ಅದನ್ನು ಎಲ್‌ಪಿ, ಎಂಐಪಿ ಸಾಲ್ವರ್‌ಗಳು ಸಾಮಾನ್ಯವಾಗಿ ಓದುತ್ತವೆ.

ಒಂದೇ ಕಂಪ್ಯೂಟರ್, ಒಂದೇ ಥ್ರೆಡ್ ಸಂಖ್ಯೆ (ಒಟ್ಟಿಗೆ ದುಡಿಯುವ ಎಳೆಗಳು ಎಷ್ಟು ಎಂಬುದು), ಒಂದೇ ಕಾಲಮಿತಿ. ಕಾಲಮಿತಿ ನಿಮ್ಮ ಕೆಲಸದಿಂದ ಬರಲಿ: ಮಿಕ್ಸರ್ ಆರು ಗಂಟೆಗೆ ಶುರು, ದರ ಬರುವುದು ಐದೂವರೆಗೆ ಎಂದಾದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಲಾಗದು. ಪ್ರತಿ ಲೆಕ್ಕವನ್ನೂ ಬೇರೆ ಬೇರೆ ರ‍್ಯಾಂಡಮ್ ಸೀಡ್ (ಸಾಲ್ವರ್ ಒಳಗಿನ ಚೀಟಿ ಎತ್ತುವಂಥ ಆಯ್ಕೆಗಳಿಗೆ ಶುರುವಿನ ಸಂಖ್ಯೆ) ಇಟ್ಟು ಮೂರರಿಂದ ಐದು ಸಲ ಓಡಿಸಿ. ಎಂಐಪಿ ಸಾಲ್ವರ್‌ಗಳು ಬಹಳ ಸೂಕ್ಷ್ಮ. ಸೀಡ್ ಒಂದನ್ನು ಬದಲಿಸಿದರೆ ಅದೇ ಲೆಕ್ಕ 20 ಸೆಕೆಂಡಿನಿಂದ 200 ಸೆಕೆಂಡಿಗೆ ಹಾರಬಹುದು. ಒಂದೇ ಓಟ ನೋಡಿ ತೀರ್ಪು ಕೊಟ್ಟವರು ಅದೃಷ್ಟವನ್ನು ಅಳೆದಿರುತ್ತಾರೆ.

ಏನನ್ನು ಬರೆದಿಟ್ಟುಕೊಳ್ಳಬೇಕು? ಬಳಸಬಹುದಾದ ಮೊದಲ ಉತ್ತರ ಎಷ್ಟು ಹೊತ್ತಿಗೆ ಸಿಕ್ಕಿತು, ಕಾಲಮಿತಿ ಮುಗಿದಾಗ ಗ್ಯಾಪ್ ಎಷ್ಟಿತ್ತು (ಗ್ಯಾಪ್ ಏನೆಂದು ಮುಂದೆ ಹೇಳುತ್ತೇನೆ), ಅತಿ ಕೆಟ್ಟ ದಿನದ ಲೆಕ್ಕ ಏನಾಯಿತು. ಸರಾಸರಿ ತೆಗೆಯುವಾಗ ಬರೀ ಕೂಡಿ ಭಾಗಿಸಬೇಡಿ. ಒಂದು ಗಂಟೆ ಹಿಡಿದ ಒಂದೇ ಫೈಲು ಉಳಿದ ಹತ್ತೊಂಬತ್ತನ್ನೂ ನುಂಗಿಬಿಡುತ್ತದೆ. ಜ್ಯಾಮಿತೀಯ ಸರಾಸರಿ ಬಳಸಿ, ಅಂದರೆ ಕಾಲಗಳನ್ನೆಲ್ಲ ಗುಣಿಸಿ, ಅವು ಎಷ್ಟಿವೆಯೋ ಅಷ್ಟನೇ ಮೂಲ ತೆಗೆಯಿರಿ. ತೀರಾ ಸಣ್ಣ ಕಾಲಗಳು ಲೆಕ್ಕ ಕೆಡಿಸದಂತೆ ಪ್ರತಿ ಕಾಲಕ್ಕೂ 10 ಸೆಕೆಂಡ್ ಸೇರಿಸಿ ಸರಾಸರಿ ತೆಗೆದು, ಕೊನೆಗೆ 10 ಕಳೆಯಿರಿ.

ಗ್ಯಾಪ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಇಲ್ಲಿ ಬಹಳ ಹಣ ಪೋಲಾಗುತ್ತದೆ. ಸಾಲ್ವರ್ ತನ್ನ ಕೈಲಿರುವ ಉತ್ತರದ ಖರ್ಚು 4,12,000 ರೂಪಾಯಿ, ಯಾವ ಉತ್ತರವೂ 4,08,000ಕ್ಕಿಂತ ಕೆಳಗೆ ಹೋಗಲಾರದು ಎಂದು ತೋರಿಸುತ್ತದೆ ಅನ್ನಿ. ನಡುವಿನ 4,000 ಅಂದರೆ ಸುಮಾರು 1%. ಅದೇ ಗ್ಯಾಪ್. ಹಲವು ಸಾಲ್ವರ್‌ಗಳು ತಾವಾಗಿ 0.01% ಬರುವವರೆಗೂ ದುಡಿಯುತ್ತವೆ. ನಮ್ಮ ಜೋಳದ ದರವೇ ಮಧ್ಯಾಹ್ನದ ಹೊತ್ತಿಗೆ 2% ಆಚೀಚೆ ಆಗಿರುತ್ತದೆ. ಹಾಗಿರುವಾಗ ಕೊನೆಯ ಅರ್ಧ ಪ್ರತಿಶತಕ್ಕಾಗಿ ಎರಡು ಗಂಟೆ ಕಾಯುವುದರಲ್ಲಿ ಅರ್ಥವಿಲ್ಲ. ಗ್ಯಾಪ್ ಅನ್ನು 1% ಎಂದು ಇಟ್ಟು ನೋಡಿ. ದುಬಾರಿ ಸಾಲ್ವರ್ ಬೇಕೇಬೇಕು ಎಂದಿದ್ದ ಎಷ್ಟೋ ಕಡೆ ಅಷ್ಟರಿಂದಲೇ ಹೈಸ್ ಸಾಕಾಗಿದೆ. ಇನ್ನೊಂದು ಎಚ್ಚರಿಕೆ: ಸಾಲ್ವರ್‌ಗಳು ತಾವಾಗಿ ಇಟ್ಟುಕೊಂಡಿರುವ ಗ್ಯಾಪ್ ಒಂದೇ ಅಲ್ಲ. ಸ್ಕಿಪ್ ಸೊನ್ನೆ ಬರುವ ತನಕ ಬಿಡುವುದಿಲ್ಲ. ಹೋಲಿಸುವ ಮುಂಚೆ ಎಲ್ಲದರಲ್ಲೂ ಒಂದೇ ಗ್ಯಾಪ್ ಇಡಿ.

ಬಂದ ಉತ್ತರವನ್ನು ಸಾಲ್ವರ್ ಮಾತಿನ ಮೇಲೆ ನಂಬದೆ, ಬೇರೆಯದೇ ಒಂದು ಪುಟ್ಟ ಕೋಡ್ ಬರೆದು ಷರತ್ತುಗಳಿಗೆ ಹಾಕಿ ನೋಡಿ. ಪ್ರೋಟೀನ್ ನಿಜಕ್ಕೂ 20% ಬಂತೇ?

ಹೆಜ್ಜೆ 6: ನಿಧಾನವಾದರೆ ಮೊದಲು ನಿಮ್ಮ ಲೆಕ್ಕವನ್ನೇ ತಿರುವಿ ನೋಡಿ

ಸಾಲ್ವರ್ ಬದಲಿಸಿ ಸಿಗುವ ವೇಗಕ್ಕಿಂತ ಲೆಕ್ಕವನ್ನು ಚೆನ್ನಾಗಿ ಬರೆದು ಸಿಗುವ ವೇಗ ಹೆಚ್ಚು. ಮೂರು ಕಡೆ ಹುಡುಕಿ.

ಮೊದಲನೆಯದು ಅಳತೆ. ಜೋಳ ಟನ್‌ಗಟ್ಟಲೆ, ವಿಟಮಿನ್ ಗ್ರಾಂಗಟ್ಟಲೆ. ಎರಡನ್ನೂ ಒಂದೇ ಘಟಕದಲ್ಲಿ ಬರೆದರೆ ಒಂದು ಅಂಕಿ ಇನ್ನೊಂದರ ಹತ್ತು ಲಕ್ಷ ಪಟ್ಟು. ಸಾಲ್ವರ್‌ಗಳು ಸಾಮಾನ್ಯವಾಗಿ 0.000001ರಷ್ಟು ತಪ್ಪನ್ನು ತಪ್ಪೆಂದೇ ಎಣಿಸುವುದಿಲ್ಲ. ಟನ್ನಿನ ಲೆಕ್ಕದಲ್ಲಿ ಅಷ್ಟೆಂದರೆ ಒಂದು ಗ್ರಾಂ, ನಿಮ್ಮ ವಿಟಮಿನ್‌ಗೆ ಅದು ದೊಡ್ಡ ಮೊತ್ತವೇ ಆಗಿರಬಹುದು. ಪ್ರತಿ ಪದಾರ್ಥಕ್ಕೂ ಅದಕ್ಕೆ ಹೊಂದುವ ಅಳತೆ ಇಟ್ಟುಕೊಂಡು, ಅಂಕಿಗಳು ಒಂದರ ಆಸುಪಾಸಿನಿಂದ ಸಾವಿರಗಳ ಒಳಗೆ ಇರುವಂತೆ ಬರೆಯಿರಿ.

ಎರಡನೆಯದು ದೊಡ್ಡ ಎಂ ಎಂದು ಕರೆಯುವ ಹಳೆಯ ಉಪಾಯ. ತೌಡು ಹಾಕುತ್ತೇವೋ ಇಲ್ಲವೋ ಎಂಬುದಕ್ಕೆ ಒಂದು ಅಥವಾ ಸೊನ್ನೆ ಆಗುವ ಸ್ವಿಚ್ ಇಟ್ಟು, ‘ತೌಡಿನ ಪ್ರಮಾಣ ಎಂ ಗುಣಿಸು ಸ್ವಿಚ್‌ಗಿಂತ ಹೆಚ್ಚಿರಬಾರದು’ ಎಂದು ಬರೆಯುತ್ತೇವೆ. ಎಂ ಎಷ್ಟು? ಯೋಚಿಸದೆ 10,00,000 ಹಾಕುವವರೇ ಹೆಚ್ಚು. ಗುರೋಬಿಯಲ್ಲಿ ಸ್ವಿಚ್‌ನ ಬೆಲೆ 0.00001 ಇದ್ದರೂ ಅದನ್ನು ಸೊನ್ನೆ ಎಂದೇ ಒಪ್ಪಿಕೊಳ್ಳುವ ಸಡಿಲಿಕೆ ತಾನಾಗಿ ಇದೆ. ಎರಡನ್ನೂ ಗುಣಿಸಿ: 10 ಕೆಜಿ. ತೌಡು ಬಳಸಿಲ್ಲ ಎನ್ನುತ್ತಲೇ ಸಾಲ್ವರ್ 10 ಕೆಜಿ ತೌಡು ಹಾಕಿದ ಉತ್ತರ ಕೊಡಬಲ್ಲದು. ಒಂದು ಸಲದ ಮಿಶ್ರಣವೇ 2000 ಕೆಜಿ ಇರುವಾಗ ಎಂ 2000 ಆದರೆ ಸಾಕು. ಆಗ ಸೋರುವುದು 0.02 ಕೆಜಿ. ಉತ್ತರವೂ ಶುದ್ಧ, ಓಟವೂ ವೇಗ, ಏಕೆಂದರೆ ಎಂ ಚಿಕ್ಕದಾದಷ್ಟೂ ಸಾಲ್ವರ್ ಕಡಿಯಬಲ್ಲ ಕೊಂಬೆಗಳು ಹೆಚ್ಚುತ್ತವೆ.

ಮೂರನೆಯದು ಒಂದೇ ತರಹದ ವಸ್ತುಗಳು. ಹತ್ತು ಲಾರಿಗಳು ಎಲ್ಲ ರೀತಿಯಲ್ಲೂ ಒಂದೇ ಆಗಿದ್ದು ನೀವು ಅವಕ್ಕೆ ಒಂದರಿಂದ ಹತ್ತರ ತನಕ ಸಂಖ್ಯೆ ಕೊಟ್ಟರೆ, ಒಂದೇ ಯೋಜನೆ ಸಾಲ್ವರ್ ಕಣ್ಣಿಗೆ 36,28,800 ಬೇರೆ ಬೇರೆ ಯೋಜನೆಗಳಾಗಿ ಕಾಣುತ್ತದೆ. ‘ಮೊದಲ ಲಾರಿಯ ಹೊರೆ ಎರಡನೆಯದಕ್ಕಿಂತ ಕಡಿಮೆ ಇರಬಾರದು’ ಎಂಬಂಥ ಒಂದು ಕ್ರಮ ಹೇರಿದರೆ ಈ ಗೊಂದಲ ಬಹುಪಾಲು ಹೋಗುತ್ತದೆ.

ಹೆಜ್ಜೆ 7: ಹಣ ಕೊಡಬೇಕೇ ಎಂಬ ಲೆಕ್ಕ

ಇಷ್ಟೆಲ್ಲ ಮಾಡಿದ ಮೇಲೂ ಉಚಿತ ಸಾಲ್ವರ್ ಕಾಲಮಿತಿಯೊಳಗೆ ಬರುತ್ತಿಲ್ಲವಾದರೆ ಕಂಪನಿಗಳನ್ನು ಕೇಳಿ. ಪರೀಕ್ಷಾ ಲೈಸೆನ್ಸ್ ಪಡೆದು ಅದೇ ಹದಿನೈದು-ಇಪ್ಪತ್ತು ಫೈಲು ಓಡಿಸಿ.

ದಿನಕ್ಕೊಮ್ಮೆ ಓಡುವ ಲೆಕ್ಕ 40 ಸೆಕೆಂಡಿನ ಬದಲು 2 ಸೆಕೆಂಡಿಗೆ ಮುಗಿದರೆ ಯಾರಿಗೂ ಏನೂ ಲಾಭವಿಲ್ಲ. ದಿನಕ್ಕೆ 5000 ಸಲ ಓಡುವ ಲೆಕ್ಕವಾದರೆ ಅದೇ ಉಳಿತಾಯ ದಿನಕ್ಕೆ ಸುಮಾರು 53 ಗಂಟೆಗಳ ಕಂಪ್ಯೂಟರ್ ಸಮಯ. ಅಥವಾ ಉಚಿತ ಸಾಲ್ವರ್ 6% ಗ್ಯಾಪ್‌ನಲ್ಲಿ ನಿಂತು, ಹಣ ಕೊಟ್ಟದ್ದು 1%ಗೆ ಇಳಿದು, ಅದರಿಂದ ನಿಜಕ್ಕೂ 4% ಅಗ್ಗದ ಯೋಜನೆ ಸಿಕ್ಕರೆ, ನಿಮ್ಮ ತಿಂಗಳ ಖರ್ಚಿನ 4% ಎಷ್ಟೆಂದು ಗುಣಿಸಿ ಲೈಸೆನ್ಸ್ ಬೆಲೆಯ ಪಕ್ಕದಲ್ಲಿಡಿ. ಗ್ಯಾಪ್ ಇಳಿದ ಮಾತ್ರಕ್ಕೆ ಖರ್ಚು ಇಳಿಯಿತು ಅಂದುಕೊಳ್ಳಬೇಡಿ. ಕೆಲವು ಸಲ ಉತ್ತರ ಅದೇ ಇದ್ದು, ಪುರಾವೆ ಮಾತ್ರ ಗಟ್ಟಿಯಾಗಿರುತ್ತದೆ.

ಲೈಸೆನ್ಸ್ ಬಗೆಗಳನ್ನು ಕೇಳದೆ ಸಹಿ ಹಾಕಬೇಡಿ. ಒಂದೇ ಯಂತ್ರಕ್ಕೆ ಕಟ್ಟಿದ್ದೋ, ಜಾಲದಲ್ಲಿ ಹಂಚಿಕೊಳ್ಳುವುದೋ, ಕ್ಲೌಡ್‌ಗೆ ಸಲ್ಲುವುದೋ? ಒಂದೇ ಯಂತ್ರಕ್ಕೆ ಕಟ್ಟಿದ ಲೈಸೆನ್ಸ್ ಡಾಕರ್ ಕಂಟೇನರ್‌ಗಳಲ್ಲಿ (ತಂತ್ರಾಂಶವನ್ನು ಪ್ರತಿ ಸಲ ಹೊಸ ಪೆಟ್ಟಿಗೆಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ, ಪ್ರತಿ ಸಲ ಅದಕ್ಕೆ ಹೊಸ ಯಂತ್ರದಂತೆ ಕಾಣುತ್ತದೆ. ಪರೀಕ್ಷೆಗೆ ಇನ್ನೊಂದು ಪ್ರತಿ ಓಡಿಸಬಹುದೇ, ಅದಕ್ಕೆ ಬೇರೆ ಹಣವೇ ಎಂದೂ ಕೇಳಿ. ಕಾಲೇಜುಗಳಿಗೆ ಗುರೋಬಿ, ಸಿಪ್ಲೆಕ್ಸ್ ಉಚಿತ ಸಿಗುತ್ತವೆ. ವಿದ್ಯಾರ್ಥಿಗಳಿಗೆ ದೊಡ್ಡ ವರ. ಆದರೆ ಅದೇ ಲೈಸೆನ್ಸ್ ಹಿಡಿದು ಕಾರ್ಖಾನೆಯ ಕೆಲಸ ಮಾಡಿಕೊಡುವಂತಿಲ್ಲ. ಕಾಲೇಜಿನಲ್ಲಿ ಶುರುವಾದ ಯೋಜನೆ ಕಂಪನಿಗೆ ದಾಟುವ ದಿನವೇ ಈ ಮಾತು ಎತ್ತಿ.

ಹೆಜ್ಜೆ 8: ಉತ್ತರವೇ ಇಲ್ಲದ ಬೆಳಿಗ್ಗೆಗೆ ಸಿದ್ಧರಾಗಿ

ಮಳೆಗಾಲದ ಒಂದು ದಿನ. ಬಂದ ಜೋಳವೆಲ್ಲ ಒದ್ದೆ, ಶೇಂಗಾ ಹಿಂಡಿ ತಿರಸ್ಕೃತ. ಎಲ್ಲ ಷರತ್ತುಗಳೂ ಒಟ್ಟಿಗೆ ನಡೆಯಲು ಸಾಧ್ಯವೇ ಇಲ್ಲ. ಸಾಲ್ವರ್ ‘ಉತ್ತರವಿಲ್ಲ’ ಎಂದು ಒಂದು ಸಾಲು ಬರೆದು ಸುಮ್ಮನಾಯಿತು. ಮಿಕ್ಸರ್‌ನವರು ಆರು ಗಂಟೆಗೆ ಎಂದಿನ ಕೈಲೆಕ್ಕದಲ್ಲೇ ಮಿಶ್ರಣ ಮಾಡಿದರು. ನಾನು ಕಟ್ಟಿಕೊಟ್ಟದ್ದನ್ನು ಅವರು ಮತ್ತೆ ನಂಬುವುದಕ್ಕೆ ತಿಂಗಳುಗಳು ಬೇಕಾದವು. ಅವರ ಕಡೆ ತಪ್ಪಿರಲಿಲ್ಲ. ಅವರಿಗೆ ಬೇಕಿದ್ದದ್ದು ಇವತ್ತು ಏನು ಮಾಡಲಿ ಎಂಬ ಉತ್ತರ.

ಅಂದಿನಿಂದ ಪ್ರತಿ ಮುಖ್ಯ ಷರತ್ತಿಗೂ ಒಂದು ಕೊರತೆಯ ಪ್ರಮಾಣ ಸೇರಿಸುತ್ತೇನೆ. ಪ್ರೋಟೀನ್ ಕಡಿಮೆ ಬಿದ್ದರೆ ಬೀಳಲಿ, ಆದರೆ ಪ್ರತಿ ಅಂಶಕ್ಕೂ ಗುರಿಯಲ್ಲಿ ಭಾರಿ ದಂಡ. ಆಗ ಸಾಲ್ವರ್ ಯಾವಾಗಲೂ ಉತ್ತರ ಕೊಡುತ್ತದೆ, ‘ಈ ಮಿಶ್ರಣದಲ್ಲಿ ಪ್ರೋಟೀನ್ 0.4% ಕಡಿಮೆ’ ಎಂದು ತೋರಿಸುತ್ತದೆ. ಆ ಲಾಟು ಮಾರಬೇಕೋ ಬೇಡವೋ ಎಂದು ಮನುಷ್ಯರು ನಿರ್ಧರಿಸುತ್ತಾರೆ. ಅಫ್ಲಟಾಕ್ಸಿನ್‌ನಂಥ ಸುರಕ್ಷತೆಯ ಷರತ್ತುಗಳಿಗೆ ಮಾತ್ರ ಈ ಸಡಿಲಿಕೆ ಕೊಡಬೇಡಿ. ಯಾವ ಯಾವ ಷರತ್ತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿವೆ ಎಂದು ಹುಡುಕಿಕೊಡುವ ಸೌಲಭ್ಯ ಗುರೋಬಿ, ಸಿಪ್ಲೆಕ್ಸ್, ಎಕ್ಸ್‌ಪ್ರೆಸ್ ಮೂರರಲ್ಲೂ ಪಕ್ವವಾಗಿದೆ. ಹಣ ಕೊಡುವುದಕ್ಕೆ ವೇಗಕ್ಕಿಂತ ಇದು ಒಳ್ಳೆಯ ಕಾರಣ ಎಂದು ಕೆಲವು ಕಡೆ ನನಗೆ ಅನ್ನಿಸಿದೆ.

ಸಾಲ್ವರ್‌ನ ಆವೃತ್ತಿ ಸಂಖ್ಯೆಯನ್ನು ಯೋಜನೆಯಲ್ಲಿ ಬರೆದು ಕಟ್ಟಿಡಿ, ತಾನಾಗಿ ಹೊಸದಕ್ಕೆ ಏರಲು ಬಿಡಬೇಡಿ. ಹೊಸ ಆವೃತ್ತಿ ಒಟ್ಟಾರೆ ವೇಗವಾಗಿದ್ದರೂ ನಿಮ್ಮ ಒಂದು ಲೆಕ್ಕದಲ್ಲಿ ನಿಧಾನವಾಗಬಹುದು. ಏರಿಸುವ ಮುಂಚೆ ಐದನೇ ಹೆಜ್ಜೆಯ ಫೈಲುಗಳನ್ನು ಮತ್ತೆ ಓಡಿಸಿ. ಪ್ರತಿ ದಿನದ ಓಟದ ಎಂಪಿಎಸ್ ಫೈಲನ್ನೂ ಸಾಲ್ವರ್ ಬರೆದ ಲಾಗನ್ನೂ ತಾರೀಖು ಹಾಕಿ ಉಳಿಸಿ. ಏನಾದರೂ ಕೆಟ್ಟ ದಿನ ಕಂಪನಿಯ ಸಹಾಯವಾಣಿಯವರೂ ಉಚಿತ ಸಾಲ್ವರ್ ಬರೆದವರೂ ನಿಮ್ಮ ಹತ್ತಿರ ಮೊದಲು ಕೇಳುವುದು ಆ ಎರಡನ್ನೇ.